ಮಳೆಗಾಲ ಮತ್ತು ಏಳು ಸ್ಕೌಟ್ ಚಾಕು: ಮಡಿಕೇರಿ ಪೆಟ್ಟಿಗೆಯ ದಾಖಲೆ

ಜೂನ್ 8

ಸ್ಕೌಟ್ ಹುಡುಗರ ಹಳೆಯ ಮಡಚುವ ಚಾಕು ಪೆಟ್ಟಿಗೆಯಲ್ಲಿ ಏಳು ಇದ್ದವು, ಪಟ್ಟಿ ಮಾಡಿ ಮುಗಿಸುವಷ್ಟರಲ್ಲಿ ಆರಾದವು. ಸ್ಕೌಟ್ ಚಾಕು ಎಂದು ಬಂದ ಒಂದು ಬ್ರಿಟಿಷ್ ಸೈನ್ಯದ್ದು: ಕಪ್ಪು ಚೌಕಳಿ ಹಿಡಿ, ಬೆನ್ನಿಗೆ ಹಗ್ಗದ ಗಂಟು ಬಿಡಿಸುವ ದಪ್ಪ ಮೊಳೆ, ಲೋಹದ ಮೇಲೆ ಬಾಣದ ಗುರುತು, ಪಕ್ಕದಲ್ಲಿ ಇಸವಿ. ಆ ಬಾಣ ಸರ್ಕಾರಿ ಸ್ವತ್ತಿನ ಮುದ್ರೆ. ಸೈನಿಕರಿಗೆ ಹೆಸರಾದ ಕೊಡಗಿನಲ್ಲಿ ಇಂಥವು ಹಳೆಯ ಟ್ರಂಕುಗಳಿಂದ ಹೊರಬರುವುದು ಆಶ್ಚರ್ಯವಲ್ಲ. ಚಾಕು ಒಳ್ಳೆಯದೇ, ಈ ಪೆಟ್ಟಿಗೆಯದ್ದಲ್ಲ ಅಷ್ಟೆ.

ಉಳಿದದ್ದರಲ್ಲಿ ನಾಲ್ಕು ಅಮೆರಿಕದವು: ನ್ಯೂಯಾರ್ಕ್ ನೈಫ್ ಕಂಪನಿ, ರೆಮಿಂಗ್ಟನ್, ಅಲ್ಸ್ಟರ್, ಕೆಮಿಲಸ್. ನಾಲ್ಕೂ ಒಂದೇ ಮಾದರಿ. ಈಟಿ ತುದಿಯ ದೊಡ್ಡ ಅಲಗು, ಡಬ್ಬಿ ತೆರೆಯುವುದು, ಸ್ಕ್ರೂಡ್ರೈವರಿನ ಜೊತೆ ಬಾಟಲಿ ಮುಚ್ಚಳ ಎಬ್ಬಿಸುವುದು, ಚರ್ಮಕ್ಕೆ ತೂತು ಹಾಕುವ ದಬ್ಬಳ, ತುದಿಗೆ ನೇತುಹಾಕುವ ಬಳೆ. ಇನ್ನೆರಡು ಇಂಗ್ಲೆಂಡಿನ ಶೆಫೀಲ್ಡಿನವು, ಒಂದರ ಬುಡದಲ್ಲಿ ನಕ್ಷತ್ರ ಮತ್ತು ಶಿಲುಬೆ, ಅಂದರೆ ಜೋಸೆಫ್ ರಾಜರ್ಸ್.

ಜೂನ್ 15

ರೆಮಿಂಗ್ಟನ್ ಮೇಲೆ ಅನುಮಾನ. ಅಲಗಿನ ಸಂಖ್ಯೆ ಆರ್‌ಎಸ್ 3333. ಆ ಕಂಪನಿಯ ಲೆಕ್ಕದಲ್ಲಿ ಕೊನೆಯ 3 ಎಂದರೆ ಮೂಳೆಯ ಹಿಡಿ. ಹತ್ತು ಪಟ್ಟಿನ ಭೂತಗನ್ನಡಿಯಲ್ಲಿ ಮೂಳೆಯಾದರೆ ಕೂದಲೆಳೆಯಂಥ ಸಣ್ಣ ಕಪ್ಪು ಚುಕ್ಕಿ, ಗೀರು ಕಾಣಬೇಕು. ಇಲ್ಲಿ ಏನೂ ಇಲ್ಲ, ಗೆರೆಗಳೆಲ್ಲ ಒಂದೇ ಆಳ. ಪಕ್ಕದ ಕೆಮಿಲಸ್‌ನ ಡೆಲ್ರಿನ್ ಹಿಡಿಗೆ ಹೋಲಿಸಿದರೆ ಅದೇ ಮೈ. ಡೆಲ್ರಿನ್ ಪ್ಲಾಸ್ಟಿಕ್ ಮಾರುಕಟ್ಟೆಗೆ ಬಂದದ್ದು 1960ರಲ್ಲಿ. ರೆಮಿಂಗ್ಟನ್ ಚಾಕು ಮಾಡಿದ್ದು 1920ರಿಂದ 1940ರವರೆಗೆ. 1982ರಿಂದ ಅದೇ ಹೆಸರಿನಲ್ಲಿ ಮರುತಯಾರಿಕೆಗಳೂ ಬಂದಿವೆ, ಆದ್ದರಿಂದ ಅಷ್ಟಕ್ಕೇ ತೀರ್ಪು ಕೊಡಬಾರದು. ಆದರೆ ತುಕ್ಕುಗುಳಿ ಅಲಗಿನ ಬುಡದೊಳಗೂ ಇಳಿದಿದೆ, ಹಿಡಿಯ ಪಿನ್ನುಗಳ ತಲೆ ಮಾತ್ರ ಹೊಚ್ಚ ಹೊಸದು. ಹಳೆಯ ಅಲಗಿಗೆ ಹೊಸ ಹಿಡಿ ಎಂದು ಬರೆದುಕೊಂಡದ್ದಾಯಿತು. ಬಿಸಿ ಸೂಜಿ ಚುಚ್ಚಿ ನೋಡುವ ಪರೀಕ್ಷೆ ಬೇಡ: ನಿಜವಾದ ಮೂಳೆಯಾಗಿದ್ದರೆ ಕಲೆ ಶಾಶ್ವತ.

ಸವೆತ ನೋಡಲು ಒಂದೇ ಜಾಗ ಸಾಕು. ಬುಡದ ಹತ್ತಿರ ಮಸೆಯದೆ ಉಳಿದ ಚೂರಿನ ಅಗಲವೇ ಮೂಲ ಅಗಲ. ಅಲ್ಲಿಂದ ಬಾಯಿ ಮೆಟ್ಟಿಲಿನಂತೆ ಒಳಗೆ ಸರಿದಿದ್ದರೆ ಅಷ್ಟು ಉಕ್ಕು ಸಾಣೆಕಲ್ಲಿಗೆ ಹೋಗಿದೆ.

ಜೂನ್ 27

ನ್ಯೂಯಾರ್ಕ್ ನೈಫ್‌ನ ದಬ್ಬಳ ಕಚ್ಚಿಕೊಂಡಿದೆ. ಕಂಪನಿ ಮುಚ್ಚಿದ್ದು 1931ರಲ್ಲಿ. ಸ್ಪ್ರಿಂಗ್ ಮುರಿದರೆ ಬದಲಿ ಸಿಗುವುದಿಲ್ಲ. ಉಗುರಿನಿಂದ ಎಳೆದರೆ ಉಗುರು ಹೋಗುತ್ತದೆ, ಇಕ್ಕಳ ಹಾಕಿದರೆ ಅಲಗಿನ ಕುತ್ತಿಗೆ ಹೋಗುತ್ತದೆ. ಸೀಮೆಎಣ್ಣೆ ಮತ್ತು ಹೊಲಿಗೆ ಮೆಷಿನ್ ಎಣ್ಣೆ ಸಮಪಾಲು ಬೆರೆಸಿ, ಕಡ್ಡಿಯಲ್ಲಿ ಎರಡೇ ಹನಿ, ಕೀಲಿನ ಸಂದಿಗೆ ಮಾತ್ರ. ಮೂಳೆ ಎಣ್ಣೆ ಕುಡಿದರೆ ಕಪ್ಪಾಗುತ್ತದೆ, ಆದ್ದರಿಂದ ಹಿಡಿಗೆ ಬಟ್ಟೆ ಸುತ್ತಿ, ಕೀಲು ಕೆಳಗಾಗಿ ನಿಲ್ಲಿಸಿ ಒಂದು ರಾತ್ರಿ. ಬೆಳಿಗ್ಗೆ ಎರಡು ಮಿಲಿಮೀಟರ್ ಎತ್ತಿ, ಇಳಿಸಿ, ಮತ್ತೆ ಎರಡು. ಮೂರನೇ ದಿನ ಚಹಾ ಕೆಸರಿನಂಥ ಕೆಂಪು ನೀರು ಬಂತು, ಆಮೇಲೆ ಪೂರ್ತಿ ತೆರೆಯಿತು. ಎಣ್ಣೆ ಬಿಳಿ ಬಟ್ಟೆಗೆ ಬಣ್ಣ ಬಿಡುವುದು ನಿಲ್ಲುವವರೆಗೆ ತೆರೆದು ಮುಚ್ಚುತ್ತಲೇ ಇರಬೇಕು. ಅರ್ಧಕ್ಕೆ ಬಿಟ್ಟರೆ ಒಳಗಿನ ತುಕ್ಕಿನ ಪುಡಿಯೇ ಸಾಣೆಯಂತೆ ಕೀಲನ್ನು ತಿನ್ನುತ್ತದೆ.

ಜುಲೈ 12

ಹೊರಗೆ ಗಾಳಿಯ ತೇವ ಶೇ 90 ದಾಟಿದೆ, ಒಲೆಯ ಮೇಲಿನ ಅಟ್ಟ ಬಿಟ್ಟರೆ ಮನೆಯಲ್ಲಿ ಒಣಗಿದ ಜಾಗವೇ ಇಲ್ಲ. ಅಟ್ಟದಲ್ಲಿಟ್ಟರೆ ಹೊಗೆ, ಮಸಿ. ಮುಚ್ಚಳ ಬಿಗಿಯಾದ ಐದು ಲೀಟರಿನ ಪ್ಲಾಸ್ಟಿಕ್ ಡಬ್ಬಿ, 200 ಗ್ರಾಂ ಸಿಲಿಕಾ ಜೆಲ್, ಸಣ್ಣ ತೇವಮಾಪಕ. ಶೇ 45ರಿಂದ 50 ಇರಲಿ. ತೀರಾ ಒಣಗಿದರೆ ಮೂಳೆ ಪಿನ್ನಿನ ಸುತ್ತ ಸೀಳುತ್ತದೆ. ಚರ್ಮದ ಚೀಲದಲ್ಲಿ ಇಡಬೇಡಿ, ಹದ ಮಾಡಿದ ಚರ್ಮದ ಹುಳಿ ಹಿತ್ತಾಳೆಗೆ ಹಸಿರು ಕಿಲುಬು ಹಿಡಿಸುತ್ತದೆ.

ಕೆಂಪು ತುಕ್ಕು ಮಾತ್ರ ತೆಗೆಯಬೇಕು, ಬೂದುಗಪ್ಪು ಬಣ್ಣ ಹಾಗೇ ಇರಲಿ. ನಾಲ್ಕು ಸೊನ್ನೆಯ, ಅಂದರೆ ಅತಿ ನಯವಾದ ಸ್ಟೀಲ್ ವುಲ್, ಎಣ್ಣೆ ಸವರಿ, ಅಲಗಿನ ಉದ್ದಕ್ಕೆ. ಮಸುಕಾದ ಬರಹ ಇರುವ ಕಡೆ ಅದೂ ಬೇಡ, ಬೆರಳಿನಲ್ಲಿ ಎಣ್ಣೆ ಬಟ್ಟೆ ಸಾಕು. ಹುಣಸೆಹಣ್ಣು, ಕಾಚಂಪುಳಿ (ಕೊಡಗಿನ ಕಪ್ಪು ಹುಳಿ) ಹಚ್ಚಿ ಫಳಫಳ ಮಾಡಿದ ಚಾಕುಗಳು ಆಗಾಗ ಮಾರಾಟಕ್ಕೆ ಬರುತ್ತವೆ. ಕಾಚಂಪುಳಿ ಪಂದಿಕರಿಗೆ, ಇಂಗಾಲದ ಉಕ್ಕಿಗೆ ಹಾಕಿದರೆ ಮೇಲ್ಮೈ ಮರಳು ಕಾಗದದಂತಾಗುತ್ತದೆ. ಕೊಬ್ಬರಿ ಎಣ್ಣೆಯೂ ಬೇಡ, ತಣ್ಣಗಾದರೆ ಹೆಪ್ಪುಗಟ್ಟಿ ಕೀಲು ಹಿಡಿಯುತ್ತದೆ.

ಜುಲೈ 30

ಜೆಲ್ ಮೂರನೇ ಸಲ ಒಣಗಿಸಿದ್ದು. ಓವನ್‌ನಲ್ಲಿ 120 ಡಿಗ್ರಿ, ಎರಡು ಗಂಟೆ. ನೀಲಿ ಬಣ್ಣದ ಜೆಲ್‌ನಲ್ಲಿ ಕೋಬಾಲ್ಟ್ ಇರುತ್ತದೆ, ಅಡುಗೆಯ ಪಾತ್ರೆ ಮುಟ್ಟಿಸಬೇಡಿ.

ಆಗಸ್ಟ್ 16

ಶೆಫೀಲ್ಡಿನ ಎರಡನೆಯದು ಸೆಲ್ಯುಲಾಯ್ಡ್ ಹಿಡಿಯದು, ಅಂದರೆ ಹಳೆಯ ಕಾಲದ ಪ್ಲಾಸ್ಟಿಕ್. ಮೂಸಿದರೆ ಕರ್ಪೂರದ ವಾಸನೆ. ಹಿಡಿಗೆ ತಾಗುವ ಅಲಗುಗಳ ಒಳಮೈಗೆ ಮಾತ್ರ ಹೊಸ ತುಕ್ಕು, ಪಕ್ಕದಲ್ಲಿದ್ದ ಅಲ್ಸ್ಟರ್‌ಗೂ ಚುಕ್ಕಿ. ತಪ್ಪು ಜೆಲ್‌ದಲ್ಲ. ಹಳೆಯ ಸೆಲ್ಯುಲಾಯ್ಡ್ ಒಡೆಯುವಾಗ ಆಮ್ಲದ ಆವಿ ಬಿಡುತ್ತದೆ, ಮುಚ್ಚಿದ ಡಬ್ಬಿಯಲ್ಲಿ ಎಲ್ಲಕ್ಕೂ ಅದೇ ಗಾಳಿ. ಈಗ ಅದೊಂದೇ ಬೇರೆ, ಗಾಳಿಯಾಡುವ ರಟ್ಟಿನ ಪೆಟ್ಟಿಗೆಯಲ್ಲಿ, ಒಲೆಯಿಂದ ದೂರ; ಬೆಂಕಿ ತಾಗಿದರೆ ಭಗ್ಗನೆ ಹೊತ್ತಿಕೊಳ್ಳುವ ವಸ್ತು.

ಸೆಪ್ಟೆಂಬರ್ 4

ನಿನ್ನೆ ಕೈಲ್ ಪೊಳ್ದ್, ಕೊಡವರ ಆಯುಧ ಪೂಜೆಯ ಹಬ್ಬ. ಕೋವಿ, ಒಡಿಕತ್ತಿ, ಪೀಚೆಕತ್ತಿಯ ಜೊತೆ ಇವೂ ದೀಪದ ಮುಂದೆ ಕೂತವು. ಗಂಧದಲ್ಲಿ ನೀರಿದೆ, ಕುಂಕುಮ ಮೂಳೆಯ ರಂಧ್ರಕ್ಕೆ ಇಳಿದರೆ ಹೋಗುವುದಿಲ್ಲ. ಅದಕ್ಕೆ ಬೊಟ್ಟು ತಟ್ಟೆಯ ಅಂಚಿಗೆ, ತೋಕ್‌ಪೂ ಹೂವು ಕೋವಿಯ ನಳಿಗೆಗೆ. ಆದರೂ ಅಲ್ಸ್ಟರ್‌ನ ದೊಡ್ಡ ಅಲಗಿನ ಮೇಲೆ ಯಾರದೋ ಹೆಬ್ಬೆರಳಿನ ಗುರುತು ಇವತ್ತು ಕಂದುಬಣ್ಣಕ್ಕೆ ತಿರುಗಿದೆ, ಗೆರೆಗೆರೆಯಾಗಿ ಓದುವಷ್ಟು ಸ್ಪಷ್ಟ. ಸ್ಪಿರಿಟ್‌ನಲ್ಲಿ ಒರೆಸಿ, ಎಣ್ಣೆ ಹಾಕಿ, ಮತ್ತೆ ಡಬ್ಬಿಗೆ. ಮಾಪಕ ಶೇ 52 ತೋರಿಸುತ್ತಿದೆ, ನಾಳೆ ಜೆಲ್ ಒಣಗಿಸಬೇಕು.