ಎಡಗಾಲಿನ ಚಪ್ಪಲಿ ಮತ್ತು ಸೀತಾನದಿಯ ಅಳಿವೆ

ನಮ್ಮ ಮನೆಯಲ್ಲಿ ಮಳೆ ಬರೆದಿಡುವ ಪುಸ್ತಕವೊಂದಿದೆ. ಅಪ್ಪ ಶುರು ಮಾಡಿದ್ದು, ಈಗ ನನ್ನ ಪಾಲಿಗೆ ಬಂದಿದೆ. ಬೆಳಿಗ್ಗೆ ಎಂಟಕ್ಕೆ ಅಂಗಳದ ಮೂಲೆಯಲ್ಲಿರುವ ಮಾಪಕದ ನೀರನ್ನು ಗಾಜಿನ ಅಳತೆಗೆ ಸುರಿದು, ಎಷ್ಟು ಇಂಚು ಎಂದು ಬರೆದ ಮೇಲೆಯೇ ಕಾಫಿ. ಶೃಂಗೇರಿ ತಾಲ್ಲೂಕಿನ ಕಿಗ್ಗದ ಕಡೆಯವರಿಗೆ ಈ ಹುಚ್ಚು ಹೊಸದೇನಲ್ಲ. ಅಂಗರಾಜ್ಯಕ್ಕೆ ಮಳೆ ತರಿಸಿದ ಋಷ್ಯಶೃಂಗನೇ ನಮ್ಮ ಸೀಮೆಯ ದೇವರು. ಮಳೆ ಬಾರದಿದ್ದರೆ ಬರಲಿ ಎಂದು ಕಿಗ್ಗದಲ್ಲಿ ಪೂಜೆ, ಬಂದದ್ದು ಹೆಚ್ಚಾದರೆ ನಿಲ್ಲಲಿ ಎಂದೂ ಅಲ್ಲೇ ಪೂಜೆ. ಎರಡೂ ಅರ್ಜಿಗೆ ಒಂದೇ ಕಚೇರಿ.

ಬಿದ್ದ ನೀರಿನ ಲೆಕ್ಕ ಇಷ್ಟು ನಿಯತ್ತಾಗಿ ಇಡುವ ನಾನು, ಅದು ಹೋಗಿ ಸೇರುವ ಜಾಗವನ್ನು ಐವತ್ತೆರಡು ವರ್ಷವಾದರೂ ಕಣ್ಣಾರೆ ನೋಡಿರಲಿಲ್ಲ. ನಕ್ಷೆಯಲ್ಲಿ ಗೊತ್ತಿತ್ತು. ನಮ್ಮ ಹಿಂದಿನ ನರಸಿಂಹ ಪರ್ವತ ನೀರನ್ನು ಎರಡು ಪಾಲು ಮಾಡುತ್ತದೆ. ಈಚೆ ಮಗ್ಗುಲಿನದು ಹಳ್ಳ ಹಿಡಿದು ತುಂಗೆಗೆ. ತುಂಗೆ 147 ಕಿಲೋಮೀಟರ್ ಹರಿದು ಕೂಡಲಿಯಲ್ಲಿ ಭದ್ರೆಯನ್ನು ಕೂಡಿ, ತುಂಗಭದ್ರೆಯೆಂದು ಮತ್ತೆ 531 ಕಿಲೋಮೀಟರ್ ನಡೆದು, ಕೃಷ್ಣೆಯ ಕೈ ಹಿಡಿದು, ಆಂಧ್ರವನ್ನು ದಾಟಿ ಬಂಗಾಳ ಕೊಲ್ಲಿಗೆ. ಆಚೆ ಮಗ್ಗುಲಿನದು ಸೀತಾನದಿ. ಅದು ಬರ್ಕಣದಲ್ಲಿ ಘಟ್ಟದಿಂದ ಧುಮುಕಿ, ಹೆಬ್ರಿ, ಬಾರಕೂರು ಹಾದು, ಕೋಡಿ ಬೆಂಗ್ರೆಯಲ್ಲಿ ಅರಬ್ಬಿ ಸಮುದ್ರ ಸೇರುತ್ತದೆ. ಬೆಟ್ಟದಿಂದ ಕಡಲಿಗೆ ನೇರ ಗೆರೆ ಎಳೆದರೆ ಐವತ್ತು ಕಿಲೋಮೀಟರ್ ಆಸುಪಾಸು. ಒಂದೇ ಗುಡ್ಡದಲ್ಲಿ ಹುಟ್ಟಿದ ದಾಯಾದಿಗಳು; ಒಬ್ಬಳಿಗೆ ದೇಶಾಂತರ, ಇನ್ನೊಬ್ಬಳಿಗೆ ಪಕ್ಕದೂರು. ನಮ್ಮ ತೋಟದ ಬಸಿಗಾಲುವೆಯ ನೀರು ತುಂಗೆಯದು. ಅದರ ಕೊನೆ ನೋಡಲು ರೈಲು ಹತ್ತಬೇಕು. ಸೀತೆಯದಾದರೆ ಮಧ್ಯಾಹ್ನದ ಊಟಕ್ಕೆ ತಲುಪಬಹುದು.

ಕಾಲೇಜಿನಲ್ಲಿ ಜೊತೆಗಿದ್ದ ಗೆಳೆಯನೊಬ್ಬ ಬ್ರಹ್ಮಾವರದಲ್ಲಿ ಮನೆ ಮಾಡಿದ್ದಾನೆ. ಡಿಸೆಂಬರಿನಲ್ಲಿ ಅಡಿಕೆಯ ಮೊದಲ ಕೊಯ್ಲು ಮುಗಿದು, ಎರಡನೆಯದಕ್ಕೆ ಹದಿನೈದು ದಿನ ಬಾಕಿ ಇದ್ದಾಗ ಅವನಿಗೆ ಫೋನ್ ಮಾಡಿದೆ. ಹಳದಿ ಎಲೆ ರೋಗ ಹಿಡಿದ ಮೇಲೆ ನಮ್ಮ ತೋಟದ ಕೊಯ್ಲು ಹೆಚ್ಚು ದಿನ ತೆಗೆದುಕೊಳ್ಳುವುದೂ ಇಲ್ಲ, ಅದಿರಲಿ. ಅವನು, “ಅಮಾವಾಸ್ಯೆ ಕಳೆದು ಎರಡು ಮೂರು ದಿನಕ್ಕೆ ಬಾ ಗೌಡ, ಬೆಳಿಗ್ಗೆ ಇಳಿತ ಸಿಗುತ್ತದೆ” ಎಂದ. ಹೊಳೆ ನೋಡುವುದಕ್ಕೂ ಪಂಚಾಂಗ ನೋಡಬೇಕೇ ಎಂದು ನಕ್ಕೆ. ಯಾಕೆ ನಗಬಾರದಿತ್ತೆಂದು ಮುಂದೆ ಹೇಳುತ್ತೇನೆ.

ಆಗುಂಬೆ ಘಾಟಿಯನ್ನು ಮಿನಿ ಬಸ್ಸಿನಲ್ಲಿ ಇಳಿದೆ. ಹದಿನಾಲ್ಕು ತಿರುವು, ಮುಂದಿನ ಸೀಟಿನ ಮಗುವಿಗೆ ಹದಿನಾಲ್ಕೂ ಭಾರಿಯಾದವು. ಸೋಮೇಶ್ವರ ದಾಟಿ, ಸೀತಾನದಿ ಎಂಬ ಹೆಸರಿನದೇ ಊರಿನಲ್ಲಿ ಸೇತುವೆ ಬಂದಾಗ ಕಿಟಕಿಯಿಂದ ಬಗ್ಗಿ ನೋಡಿದೆ. ಉರುಟು ಬಂಡೆಗಳ ನಡುವೆ ತಿಳಿ ನೀರು. ನಮ್ಮ ಹಳ್ಳದಂತೆಯೇ ಇತ್ತು, ಗುರುತು ಸಿಕ್ಕಿತು. ಅದೇ ಹೊಳೆಯನ್ನು ಸಂಜೆ ಮಾಬುಕಳ ಸೇತುವೆಯ ಮೇಲೆ ನಿಂತು ನೋಡಿದರೆ ಗುರುತೇ ಸಿಗಲಿಲ್ಲ. ಅಗಲವಾಗಿ, ಸದ್ದಿಲ್ಲದೆ, ತೆಂಗಿನ ನೆರಳು ಹೊದ್ದು ಮಲಗಿತ್ತು. ಹರಿಯುತ್ತಿದೆಯೋ ನಿಂತಿದೆಯೋ ಹೇಳುವುದು ಕಷ್ಟ. ಬಾರಕೂರು ಒಂದು ಕಾಲಕ್ಕೆ ಆಳುಪರ ರಾಜಧಾನಿಯಾಗಿತ್ತು ಎಂದು ಗೆಳೆಯ ಹೇಳುತ್ತಲೇ ಇದ್ದ, ನಾನು ನೀರಿನ ಮೇಲೆ ತೇಲುವ ಕಸ ಎತ್ತ ಹೋಗುತ್ತಿದೆಯೆಂದು ನೋಡುತ್ತಿದ್ದೆ.

ಮರುದಿನ ಬೆಳಿಗ್ಗೆ ಆರಕ್ಕೆ ಸ್ಕೂಟರಿನಲ್ಲಿ ಹೊರಟೆವು. ಕೆಮ್ಮಣ್ಣು, ಹೂಡೆ. ಅಲ್ಲಿಂದ ಬಡಗು ದಿಕ್ಕಿಗೆ ನೆಲ ಸಪೂರವಾಗುತ್ತ ಹೋಗುತ್ತದೆ. ಎಡಕ್ಕೆ ಕಡಲು, ಬಲಕ್ಕೆ ಕಾರ್ಕಳದ ಕಡೆಯಿಂದ ಬರುವ ಸ್ವರ್ಣೆ, ನಡುವೆ ಒಂದು ರಸ್ತೆ, ಒಂದು ಸಾಲು ಮನೆ, ತೆಂಗು, ಒಣಹಾಕಿದ ಬಲೆ. ಕೆಲವು ಕಡೆ ರಸ್ತೆಯಲ್ಲಿ ನಿಂತರೆ ಒಂದು ಕಿವಿಗೆ ಅಲೆಯ ಮೊರೆತ, ಇನ್ನೊಂದು ಕಿವಿಗೆ ಏನೂ ಇಲ್ಲ. ಈ ಪಟ್ಟಿಯ ತುದಿಯೇ ಕೋಡಿ ಬೆಂಗ್ರೆ. ತುದಿಯಾಚೆಗೆ ಸ್ವರ್ಣೆ, ಸೀತೆ ಎರಡೂ ಕೂಡಿ ಕಡಲಿಗೆ ಬೀಳುವ ಬಾಗಿಲು. ಅದಕ್ಕೆ ಅಳಿವೆ ಎನ್ನುತ್ತಾರೆ. ಆಚೆ ದಡದಲ್ಲಿ ಹಂಗಾರಕಟ್ಟೆ, ಹಳೆಯ ಬಂದರು. ಅಂಗಡಿಯೊಂದರಲ್ಲಿ ಚಹಾ ಕುಡಿದೆವು. ಅಂಗಡಿಯವರು ಒಂದೇ ನೋಟಕ್ಕೆ, “ಘಟ್ಟದ ಮೇಲಿನವರಾ?” ಎಂದರು. ಸ್ವೆಟರ್ ಹಾಕಿಕೊಂಡು ಹೋಗಿದ್ದೆ.

ಹೊಳೆಯ ಕಡೆಯ ದಡದಲ್ಲಿ ನೀರು ಇಳಿದು ಕೆಸರು ಮರಳಿನ ದಿಬ್ಬ ಎದ್ದಿತ್ತು. ಅದರಾಚೆ ಮೂವರು ಹೆಂಗಸರು ಸೊಂಟದ ಮಟ್ಟದ ನೀರಿನಲ್ಲಿ ನಿಂತು ಮರುವಾಯಿ ಎಂಬ ಚಿಪ್ಪುಮೀನು ಹೆಕ್ಕುತ್ತಿದ್ದರು. ಸೊಂಟಕ್ಕೊಂದು ಹಗ್ಗ, ಹಗ್ಗದ ತುದಿಯಲ್ಲಿ ತೇಲುವ ಅಲ್ಯೂಮಿನಿಯಂ ಪಾತ್ರೆ. ನಾನು ಬಹಳ ಹೊತ್ತು ನೋಡಿದೆ. ಅವರು ನೀರನ್ನು ನೋಡುವುದೇ ಇಲ್ಲ. ಮುಖ ಆಚೆ ದಡದ ಕಡೆ, ಮಾತು ಮನೆಯ ವಿಷಯ, ಕೆಲಸವೆಲ್ಲ ಪಾದದ್ದು. ಹಿಮ್ಮಡಿ ಊರಿ, ಬೆರಳುಗಳಿಂದ ಮರಳನ್ನು ಕೆದಕುತ್ತ ಒಂದೊಂದೇ ಗೇಣು ಸರಿಯುತ್ತಾರೆ. ಗಟ್ಟಿ ಏನೋ ತಗುಲಿದ ಕೂಡಲೇ ಒಮ್ಮೆ ಮುಳುಗಿ ಎದ್ದರೆ ಕೈಯಲ್ಲಿ ಚಿಪ್ಪು. ಪಾತ್ರೆಯಲ್ಲಿ ಟಣ್ ಎಂದು ಸದ್ದು. ಮಾತು ನಿಂತಲ್ಲಿಂದಲೇ ಮತ್ತೆ ಶುರು.

ನಾನೊಂದು ಬೊಗಸೆ ನೀರೆತ್ತಿ ಬಾಯಿಗೆ ಹಾಕಿಕೊಂಡೆ. ನಮ್ಮ ಗುಡ್ಡದ ನೀರು ತಾನೇ ಎಂಬ ಸಲಿಗೆ. ಬರೀ ಉಪ್ಪು. ಗೆಳೆಯ ಹೊಟ್ಟೆ ಹಿಡಿದುಕೊಂಡು ನಕ್ಕ. ಮಳೆಗಾಲ ಕಳೆದು ಮೇಲಿನ ನೀರು ಸೊರಗಿದಂತೆ ಉಪ್ಪುನೀರು ಹೊಳೆಯೊಳಗೆ ಮೈಲುಗಟ್ಟಲೆ ಏರುತ್ತದೆಯಂತೆ. ಅದಕ್ಕೇ ಇಲ್ಲಿ ಕಿಂಡಿ ಅಣೆಕಟ್ಟುಗಳಿಗೆ ಮಳೆ ನಿಂತ ಮೇಲೆ ಹಲಗೆ ಇಳಿಸುತ್ತಾರೆ. ನಮ್ಮಲ್ಲಿ ಕಟ್ಟ ಹಾಕುವುದು ಇದ್ದ ನೀರು ಹೋಗದಿರಲಿ ಎಂದು. ಇಲ್ಲಿ ಅದರ ಜೊತೆಗೆ, ಬರಬಾರದ ನೀರು ಗದ್ದೆಗೆ ಬಾರದಿರಲಿ ಎಂದೂ.

ಚಪ್ಪಲಿ ಬಿಚ್ಚಿಟ್ಟದ್ದು ಆಗಲೇ. ನೀರಿನಿಂದ ನಾಲ್ಕು ಮಾರು ದೂರದಲ್ಲಿ, ಜೋಡಿಸಿ, ದೇವಸ್ಥಾನದ ಮುಂದೆ ಬಿಡುವ ಹಾಗೆ ಇಟ್ಟು, ರಸ್ತೆ ದಾಟಿ ಕಡಲು ನೋಡಲು ಹೋದೆವು. ಕಡಲಿನ ಬಗ್ಗೆ ನಾನೇನು ಬರೆಯಲಿ, ಎಲ್ಲರೂ ಬರೆದಿದ್ದಾರೆ. ಹಸಿ ಮರಳಿನ ಮೇಲೆ ಕಡಲೆಕಾಳಿಗಿಂತ ಸಣ್ಣ ಏಡಿಗಳು ಮರಳನ್ನು ಉಂಡೆ ಕಟ್ಟಿ ಕಟ್ಟಿ ಬಿಲದ ಸುತ್ತ ರಂಗೋಲಿ ಇಟ್ಟಿದ್ದನ್ನು ಮಾತ್ರ ಮರೆಯಲಾರೆ. ಹೆಜ್ಜೆ ಇಟ್ಟರೆ ಏಡಿಗಳೆಲ್ಲ ಮಾಯ, ಉಸಿರು ಬಿಗಿಹಿಡಿದು ನಿಂತರೆ ಒಂದೊಂದೇ ಹೊರಗೆ. ಮೇಲೆ ಗರುಡಗಳು. ಹೀಗೆ ಎರಡು ಗಂಟೆ ಕಳೆದದ್ದು ತಿಳಿಯಲಿಲ್ಲ.

ವಾಪಸು ಬಂದರೆ ದಿಬ್ಬವೇ ಇರಲಿಲ್ಲ. ಹೆಂಗಸರೂ ಇರಲಿಲ್ಲ. ನೀರು ತೆಂಗಿನ ಬುಡಕ್ಕೆ ಬಂದಿತ್ತು. ಬಲಗಾಲಿನ ಚಪ್ಪಲಿ ಕಟ್ಟಿಹಾಕಿದ ದೋಣಿಯೊಂದರ ಹಗ್ಗಕ್ಕೆ ಸಿಕ್ಕಿ ಕುಣಿಯುತ್ತಿತ್ತು. ಎಡಗಾಲಿನದು ಇಲ್ಲ. ನಾನು ಸಹಜವಾಗಿಯೇ ಅಳಿವೆಯ ಕಡೆ ಓಡಿದೆ. ಹೊಳೆಗೆ ಬಿದ್ದದ್ದು ಕೆಳಕ್ಕೆ ಹೋಗುತ್ತದೆ, ಅದನ್ನು ಯಾರಾದರೂ ಹೇಳಿಕೊಡಬೇಕೇ?

ನೆರಳಿನಲ್ಲಿ ಬಲೆ ಸರಿಮಾಡುತ್ತಿದ್ದ ಹಿರಿಯರೊಬ್ಬರು ಕೂಗಿದರು. “ಅತ್ತ ಯಾಕೆ ಹೋಗುತ್ತೀರಿ ಮಾರಾಯರೇ? ಭರತ ಏರುತ್ತಿದೆ. ನಿಮ್ಮ ಚಪ್ಪಲಿ ಮೇಲಕ್ಕೆ ಹೋಗಿರುತ್ತದೆ.”

“ಮೇಲಕ್ಕೆ ಎಂದರೆ?”

“ಕೆಮ್ಮಣ್ಣಿನ ಕಡೆಗೆ. ಇಲ್ಲವಾದರೆ ಬಾರಕೂರಿನ ಕಡೆಗೆ. ಅದರ ಇಷ್ಟ.”

ತಿರುಗಿ ನೋಡಿದೆ. ತೆಂಗಿನ ಸಿಪ್ಪೆಯೊಂದು ಕಡಲಿಗೆ ಬೆನ್ನು ಹಾಕಿ, ನಿಧಾನವಾಗಿ, ಬೆಟ್ಟದ ಕಡೆಗೆ ಹೊರಟಿತ್ತು. ಅದರ ಹಿಂದೆ ಒಂದು ಬಾಟಲಿ. ಅದರ ಹಿಂದೆ ನೊರೆಯ ಗೆರೆ. ಇಡೀ ಹೊಳೆಯೇ ಹಿಂದಕ್ಕೆ ಹರಿಯುತ್ತಿತ್ತು. ಭರತವೆಂದರೆ ಉಬ್ಬರ. ಶಾಲೆಯಲ್ಲಿ ಉಬ್ಬರವಿಳಿತದ ಪಾಠ ಓದಿದ್ದೇನೆ, ಅಂಕವೂ ಬಂದಿತ್ತು. ಆದರೆ ಮಲೆನಾಡಿನವನಿಗೆ ಹೊಳೆಯೆಂದರೆ ಮೇಲಿನಿಂದ ಬರುವುದು. ಮಳೆಗಾಲದ ಮೊದಲ ನೆರೆಗೆ ಮೇಲಕ್ಕೆ ಏರುವುದು ಹತ್ತುಮೀನು, ನೀರಲ್ಲ. ಮೀನು ಮಾಡುವ ಕೆಲಸವನ್ನು ನೀರೇ ಮಾಡುವುದನ್ನು ನೋಡಿ ನನಗೆ ತಲೆ ಸಣ್ಣಗೆ ತಿರುಗಿದ್ದು ಸುಳ್ಳಲ್ಲ. ಚಪ್ಪಲಿಯ ಆಸೆ ಬಿಟ್ಟು ಅಲ್ಲೇ ಕುಳಿತೆ.

ಹಿರಿಯರು ಬಲೆಯ ಕಣ್ಣು ಹೆಣೆಯುತ್ತಲೇ ಲೆಕ್ಕ ಹೇಳಿದರು. ಆರು ಗಂಟೆ ಚಿಲ್ಲರೆ ಏರುವುದು, ಅಷ್ಟೇ ಹೊತ್ತು ಇಳಿಯುವುದು, ದಿನಕ್ಕೆ ಎರಡು ಸಲ. ದಿನದಿಂದ ದಿನಕ್ಕೆ ಮುಕ್ಕಾಲು ಗಂಟೆಗಿಂತ ತುಸು ಹೆಚ್ಚು ತಡ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸು ಜೋರು, ಅಷ್ಟಮಿಯ ಕಡೆಗೆ ಮಂದ. ಅವರ ಬಳಿ ಪುಸ್ತಕವಿಲ್ಲ, ತಿಥಿ ನೆನಪಿದ್ದರೆ ಸಾಕು. ನಾನು ನನ್ನ ಮಳೆ ಪುಸ್ತಕದ ವಿಷಯ ಹೇಳಿದೆ. ಆಗ ಅವರು ಮೊದಲ ಬಾರಿಗೆ ತಲೆಯೆತ್ತಿ ನನ್ನನ್ನು ಸರಿಯಾಗಿ ನೋಡಿದರು.

“ಆಷಾಢದಲ್ಲಿ ಕೆಂಪು ನೀರು ಕಳಿಸುವವರು ನೀವೇ ಅಲ್ಲವೇ” ಎಂದರು. ಆಗ ಭರತದ ಆಟ ನಡೆಯುವುದಿಲ್ಲವಂತೆ. ಮೇಲಿನ ನೀರು ಅಳಿವೆಯ ಬಾಗಿಲಿನಲ್ಲಿ ಕಡಲಿನ ಜೊತೆ ಜಗಳಕ್ಕೆ ನಿಲ್ಲುತ್ತದೆ, ಹೊರಗೆ ಕಡಲೂ ಕೆಂಪಾಗುತ್ತದೆ. ಬಿದಿರು ಮೆಳೆ, ಅಡಿಕೆ ಹಾಳೆ, ಬುಡಸಹಿತ ಮರ, ಎಲ್ಲ ಬಂದು ಮರಳಿನಲ್ಲಿ ಸಿಕ್ಕಿಕೊಳ್ಳುತ್ತವೆ. ಹೇಗೂ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ರಜೆ. ಮನೆಯ ಮುಂದೆ ಕುಳಿತು ಬಂದ ಕಸ ಎಣಿಸುವುದೇ ಕೆಲಸ ಎಂದರು. ಹಾಳೆ ನಮ್ಮದಾಗಿರಲಾರದು, ನಮ್ಮದು ತುಂಗೆಯ ಕಡೆ ಎಂದು ಹೇಳಬೇಕೆನಿಸಿತು. ದಾಯಾದಿಯ ಮನೆಯ ದೂರು ಕೇಳುವವನಂತೆ ಸುಮ್ಮನೆ ತಲೆಯಾಡಿಸಿದೆ.

ಮರಳಿನ ದೂರು ಇನ್ನೂ ಉದ್ದವಿತ್ತು. ಹೊಳೆ ತಂದ ಹೂಳನ್ನು ಅಲೆ ಒಳಕ್ಕೆ ತಳ್ಳುತ್ತದೆ, ಒಳಗಿನದನ್ನು ನೆರೆ ಹೊರಕ್ಕೆ ದಬ್ಬುತ್ತದೆ. ಬಾಗಿಲಿನಲ್ಲಿ ದಿಬ್ಬ ಇಂದು ಇದ್ದಲ್ಲಿ ನಾಳೆ ಇರುವುದಿಲ್ಲ, ದೋಣಿ ಕೂರುತ್ತದೆ. ಕೇಳುತ್ತ ಒಂದು ಹಿಡಿ ಮರಳನ್ನು ಅಂಗೈಯಲ್ಲಿ ಉಜ್ಜಿದೆ. ಬಿಳಿಯ ನಡುವೆ ಕರಿಯ ಹರಳುಗಳು, ಮಿರಿಮಿರಿ. ನಮ್ಮ ಗುಡ್ಡದ ಹಳ್ಳದಲ್ಲಿ ಬೂದುಗುಂಬಳದ ಗಾತ್ರದ ಕಲ್ಲುಗಳಿವೆ.

ಕೆಮ್ಮಣ್ಣಿನ ದಾರಿಯುದ್ದಕ್ಕೂ ಸ್ಕೂಟರ್ ನಿಲ್ಲಿಸಿ ನಿಲ್ಲಿಸಿ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಬುಡ ಹುಡುಕಿದೆವು. ಚಪ್ಪಲಿ ಸಿಗಲಿಲ್ಲ, ಕಾಂಡ್ಲಾ ಸಿಕ್ಕಿತು. ಕೊಡೆಯ ಕಡ್ಡಿಗಳಂತೆ ಕೆಸರಿಗೆ ಇಳಿಬಿಟ್ಟ ಬೇರುಗಳ ನಡುವೆ ಗೊಂಡೆಮೀನಿನಷ್ಟು ಚುರುಕಾದ ಏನೇನೋ ಮರಿಗಳು. ಕೊಂಬೆಯಲ್ಲಿ ನುಗ್ಗೆಕಾಯಿಯಂತೆ ಹಸಿರು ಕೋಡುಗಳು ತೂಗುತ್ತಿದ್ದವು. ಅವು ಕಾಯಲ್ಲ, ಸಸಿ. ಬೀಜ ಮರದಲ್ಲೇ ಮೊಳೆತು, ಗೇಣುದ್ದ ಬೆಳೆದು, ಆಮೇಲೆ ನೀರಿಗೆ ಬೀಳುತ್ತದೆ. ಇಳಿತದಲ್ಲಿ ಬಿದ್ದರೆ ತಾಯಿಯ ಬುಡದಲ್ಲೇ ಕೆಸರಿಗೆ ಊರಿಕೊಳ್ಳಬಹುದು. ಭರತದಲ್ಲಿ ಬಿದ್ದರೆ ತೇಲುತ್ತ ಎಲ್ಲಿಗೋ. ಅಡಿಕೆ ಗೋಟನ್ನು ಆರಿಸಿ, ಮರಳಿನಲ್ಲಿ ಇಟ್ಟು, ತಿಂಗಳುಗಟ್ಟಲೆ ನೀರು ಚಿಮುಕಿಸಿ ಮೊಳಕೆಗಾಗಿ ಕಾಯುವವನು ನಾನು. ಸ್ವಲ್ಪ ಹೊಟ್ಟೆಕಿಚ್ಚೇ ಆಯಿತು.

ಮಧ್ಯಾಹ್ನ ಗೆಳೆಯನ ಮನೆಯಲ್ಲಿ ಕುಚ್ಚಲಕ್ಕಿ ಅನ್ನ, ಮರುವಾಯಿ ಸುಕ್ಕ. ಕಾಯಿತುರಿಯ ನಡುವೆ ಚಿಪ್ಪುಗಳು ಬಾಯಿ ತೆರೆದುಕೊಂಡಿದ್ದವು. ಬೆಳಿಗ್ಗೆ ಕಂಡ ಪಾದಗಳ ಕೆಲಸ ನೆನಪಾಗಿ, ಒಂದೊಂದನ್ನೂ ತಡಮಾಡಿ ತಿಂದೆ. ಗೆಳೆಯನ ಹೆಂಡತಿ ರುಚಿಸಲಿಲ್ಲವೇನೋ ಎಂದು ಗಾಬರಿಯಾದರು.

ಊರಿಗೆ ಹೊರಡುವಾಗ ಬಸ್ ನಿಲ್ದಾಣದ ಬಳಿ ಹವಾಯಿ ಚಪ್ಪಲಿ ಕೊಂಡೆ. ಉಳಿದ ಬಲಗಾಲಿನದನ್ನು ಯಾಕೋ ಬಿಸಾಡಲು ಮನಸ್ಸು ಬರಲಿಲ್ಲ, ಪ್ಲಾಸ್ಟಿಕ್ ಚೀಲದಲ್ಲಿ ತಂದೆ. “ಇನ್ನೊಂದು ಎಲ್ಲಿ?” ಎಂದು ಹೆಂಡತಿ ಕೇಳಿದಳು. ನರಸಿಂಹ ಪರ್ವತದ ಕಡೆ ಕೈ ತೋರಿಸಿ, “ಬರುತ್ತಿದೆ” ಎಂದೆ.

ಮರುದಿನ ಎಂಟಕ್ಕೆ ಪುಸ್ತಕ ತೆರೆದರೆ ಡಿಸೆಂಬರಿನ ಪುಟದಲ್ಲಿ ಸಾಲಾಗಿ ಸೊನ್ನೆ. ನಾನಿಲ್ಲದ ಎರಡು ದಿನಕ್ಕೂ ಹೆಂಡತಿ ಮರೆಯದೆ ಸೊನ್ನೆ ಹಾಕಿಟ್ಟಿದ್ದಳು. ಎರಡನೆಯ ಸೊನ್ನೆಯ ಪಕ್ಕದಲ್ಲಿ ನಾನು ಸಣ್ಣ ಅಕ್ಷರದಲ್ಲಿ ಬರೆದೆ: ಕೋಡಿ ಬೆಂಗ್ರೆ. ಇಳಿತ ಬೆಳಿಗ್ಗೆ ಏಳು. ಭರತ ಮಧ್ಯಾಹ್ನ ಒಂದು. ಚಪ್ಪಲಿ ಒಂದು, ಎಡ.