ಸೀಬಾಸ್ ಹಿಡಿಯಲು ಉಡುಪಿಗೆ ಹೊರಡುವವರಿಗೆ: ಯಾವ ನೀರಿಗೆ ಯಾವ ರಾಡ್

ಸೀಬಾಸ್ ಮೀನಿಗೆಂದು ಏಳು ಅಡಿಯ ಒಂದೇ ತುಂಡಿನ ಗಾಳದ ರಾಡನ್ನು ರಾತ್ರಿ ಬಸ್ಸಿನಲ್ಲಿ ಉಡುಪಿಗೆ ಒಯ್ಯುವ ಯೋಚನೆ ಇದ್ದರೆ ಬಿಟ್ಟುಬಿಡಿ. ಬೆಂಗಳೂರಿನಿಂದ ನಾವು ಹತ್ತಿದ ಸ್ಲೀಪರ್ ಬಸ್ಸಿನವರು ರಾಡುಗಳಿದ್ದ ಕೊಳವೆಗೆ ಮುನ್ನೂರು ರೂಪಾಯಿ ಹೆಚ್ಚುವರಿ ಕಿತ್ತುಕೊಂಡರು, ರಸೀದಿ ಕೊಡಲಿಲ್ಲ. "ಎಲ್ಲ ಸಾಮಾನಿನ ಮೇಲೆ ಇಡುತ್ತೇವೆ ಸಾರ್" ಎಂದು ಮಾತು ಕೊಟ್ಟರು. ಬೆಳಿಗ್ಗೆ ಡಿಕ್ಕಿ ತೆರೆದಾಗ ಕೊಳವೆಯ ಮೇಲೆ ಯಾರದೋ ವಾಷಿಂಗ್ ಮೆಷಿನ್ ಕುಳಿತಿತ್ತು. ಕೇಳಿದರೆ, ಮುರಿಯುವ ವಸ್ತು ತರಬಾರದಿತ್ತು ಎಂದು ನಮಗೇ ಬುದ್ಧಿ ಹೇಳಿದರು.

ಒಂದು ರಾಡ್ ಕಣ್ಣಿಗೆ ಕಾಣುವಂತೆ ಸೀಳಿತ್ತು. ಇನ್ನೊಂದು ನೋಡಲು ಸರಿಯಾಗಿಯೇ ಇತ್ತು, ಆದರೆ ದಾರ ಹಾಯುವ ಉಂಗುರಗಳಲ್ಲಿ ತುದಿಯಿಂದ ಎರಡನೆಯದರೊಳಗಿನ ಸೆರಾಮಿಕ್ ಬಳೆಯಲ್ಲಿ ಕೂದಲೆಳೆಯಷ್ಟು ಬಿರುಕು ಬಿಟ್ಟಿತ್ತು. ಬ್ರೇಡ್, ಅಂದರೆ ಎಳೆಗಳನ್ನು ಹೆಣೆದ ಗಾಳದ ದಾರ, ಇಂಥ ಬಿರುಕಿನ ಮೇಲೆ ಉಜ್ಜಿ ಉಜ್ಜಿ, ದೊಡ್ಡ ಮೀನು ಎಳೆಯುವ ಹೊತ್ತಿನಲ್ಲೇ ತುಂಡಾಗುತ್ತದೆ. ಊರು ಮುಟ್ಟಿದ ಕೂಡಲೇ ಒಂದು ಚೂರು ಹತ್ತಿಯನ್ನು ಪ್ರತಿ ಉಂಗುರದೊಳಗೆ ಸುತ್ತಲೂ ಸವರಿ ನೋಡಿ. ಎಳೆ ಸಿಕ್ಕಿಕೊಂಡರೆ ಆ ಉಂಗುರ ಕೆಟ್ಟಿದೆ ಎಂದು ಅರ್ಥ.

ಮೂರು ಅಥವಾ ನಾಲ್ಕು ತುಂಡಾಗುವ ಟ್ರಾವೆಲ್ ರಾಡ್ ತೆಗೆದುಕೊಳ್ಳಿ, ಬೆನ್ನಿನ ಚೀಲದಲ್ಲೇ ಹಿಡಿಯುತ್ತದೆ. ಜೋಡಣೆಯ ಜಾಗ ದುರ್ಬಲ ಎಂಬ ಹಳೆಯ ದೂರು ಈಗಿನ ಒಳ್ಳೆಯ ರಾಡುಗಳಿಗೆ ಅಷ್ಟಾಗಿ ಅನ್ವಯಿಸುವುದಿಲ್ಲ. ಸಾಧ್ಯವಾದರೆ ಪಂಚಗಂಗಾ ಎಕ್ಸ್‌ಪ್ರೆಸ್ ರೈಲಿಗೆ ಟಿಕೆಟ್ ಮಾಡಿಸಿ. ರಾತ್ರಿ ಓಡಿ ಬೆಳಗಾಗುವ ಮೊದಲೇ ಇಂದ್ರಾಳಿಯಲ್ಲಿರುವ ಉಡುಪಿ ನಿಲ್ದಾಣದಲ್ಲಿ ಇಳಿಸುತ್ತದೆ. ರಾಡು ನಿಮ್ಮ ಬರ್ತಿನಲ್ಲಿ, ನಿಮ್ಮ ಕಣ್ಣೆದುರಿಗೇ ಇರುತ್ತದೆ.

ಇನ್ನು ಅಂಗಡಿಯವರ ವಿಷಯ. ಜೊತೆಗೆ ಬಂದಿದ್ದ ಗೆಳೆಯನಿಗೆ ಬೆಂಗಳೂರಿನ ಅಂಗಡಿಯೊಂದು, ಕರಾವಳಿಗೆ ಹೋಗುತ್ತೇನೆ ಎಂದು ಹೇಳಿದ ಮೇಲೂ, 'ಬಾಸ್ ಕಿಟ್' ಎಂಬ ಪೆಟ್ಟಿಗೆಯನ್ನು ಆರೂವರೆ ಸಾವಿರಕ್ಕೆ ಮಾರಿತ್ತು. ಒಳಗೆ ಪ್ಲಾಸ್ಟಿಕ್ ಹುಳುಗಳು, ತಿರುಗುವ ತಗಡಿನ ಸ್ಪಿನ್ನರ್‌ಬೈಟ್‌ಗಳು, ತೆಳು ತಂತಿಯ ಕೊಕ್ಕೆಗಳು, ಒಂದು ರಬ್ಬರ್ ಕಪ್ಪೆ, ಸಿಹಿನೀರಿಗೆಂದು ಮಾಡಿದ ರೀಲ್. ಇವೆಲ್ಲ ಅಮೆರಿಕದ ಕೆರೆಗಳ ಲಾರ್ಜ್‌ಮೌತ್ ಬಾಸ್‌ಗೆ ಹೊಂದುವ ಸಾಮಾನು. ಉಡುಪಿಯ ಹೊಳೆಗಳಲ್ಲಿರುವುದು ಏಷ್ಯಾದ ಸೀಬಾಸ್, ಅಂದರೆ ಬ್ಯಾರಮುಂಡಿ. ಎರಡಕ್ಕೂ ಹತ್ತಿರದ ನಂಟಿಲ್ಲ. ಇದು ಉಪ್ಪುನೀರು, ಸಿಹಿನೀರು ಎರಡರಲ್ಲೂ ಬಾಳುವ ಮೀನು; ಮೊಟ್ಟೆಯಿಡಲು ಅಳಿವೆಯ ಕಡೆಗೆ ಇಳಿಯುತ್ತದೆ. ಬಾಯಲ್ಲಿ ಕತ್ತರಿಸುವ ಹಲ್ಲಿಲ್ಲ, ಆದರೆ ಕಿವಿರಿನ ಮುಚ್ಚಳದ ಅಂಚು ಬ್ಲೇಡಿನಂತಿರುತ್ತದೆ. ತಲೆ ಕೊಡವಿದರೆ ತೆಳು ದಾರ ಉಳಿಯುವುದಿಲ್ಲ. ಹಾಗಾಗಿ ಬ್ರೇಡಿನ ತುದಿಗೆ ಒಂದು ಮಾರಿನಷ್ಟು ಉದ್ದದ ದಪ್ಪ ಲೀಡರ್ (ಕೊಕ್ಕೆಯ ಬಳಿಯ ಗಟ್ಟಿ ದಾರ) ಕಟ್ಟಲೇಬೇಕು, 30ರಿಂದ 40 ಪೌಂಡ್ ಸೆಳೆತ ತಡೆಯುವಂಥದ್ದು. ಕಿಟ್ಟಿನಲ್ಲಿ ಲೀಡರ್ ಇರಲೇ ಇಲ್ಲ. ಕೊಕ್ಕೆಗಳಂತೂ ಮೊದಲು ಕಚ್ಚಿದ ಕೆಂಬೇರಿ (ರೆಡ್ ಸ್ನ್ಯಾಪರ್) ಮೀನಿಗೇ ನೆಟ್ಟಗಾದವು, ರೀಲು ಊರಿಗೆ ಮರಳುವ ಮೊದಲೇ ಕರಕರ ಎನ್ನತೊಡಗಿತು. ಕೊಳ್ಳುವ ಮುನ್ನ ರೀಲ್ ಉಪ್ಪುನೀರಿಗೆ ತಡೆಯುತ್ತದೆಯೇ, ಲೂರಿನ (ಕೃತಕ ಎರೆಯ) ಕೊಕ್ಕೆ ದಪ್ಪವಿದೆಯೇ ಎಂದು ಬಿಡದೆ ಕೇಳಿ.

ನಾನು ಹೆಚ್ಚಿನ ಹೊತ್ತು ಕಳೆದದ್ದು ಸ್ವರ್ಣಾ ಮತ್ತು ಸೀತಾ ನದಿಗಳ ಕೊನೆಯ ಹರಿವಿನಲ್ಲಿ: ಕೆಮ್ಮಣ್ಣು, ಹೂಡೆ, ಕೋಡಿಬೆಂಗ್ರೆ, ಎದುರು ದಡದ ಹಂಗಾರಕಟ್ಟೆ. ಇಲ್ಲಿ ಹೊಳೆ ಕುದ್ರುಗಳ (ನದಿ ನಡುವಿನ ದ್ವೀಪಗಳ) ನಡುವೆ ಕವಲೊಡೆದು ಹರಿಯುತ್ತದೆ, ದಡದುದ್ದಕ್ಕೂ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳು. ಈ ನೀರಿಗೆ 7 ಅಡಿಯ ಮೀಡಿಯಂ ರಾಡ್ ಸಾಕು, 10ರಿಂದ 30 ಗ್ರಾಂ ತೂಕದ ಲೂರ್ ಎಸೆಯುವಂಥದ್ದು. 3000 ಅಥವಾ 4000 ಗಾತ್ರದ ಸ್ಪಿನ್ನಿಂಗ್ ರೀಲ್, 20 ಪೌಂಡಿನ ಬ್ರೇಡ್. ಇದಕ್ಕಿಂತ ಉದ್ದದ ರಾಡ್ ಕಾಂಡ್ಲಾ ಕೊಂಬೆಗಳ ನಡುವೆ ಬೀಸಲು ಬರುವುದಿಲ್ಲ. ಇದಕ್ಕಿಂತ ಮೆದುವಾದದ್ದು ಬೇರುಗಳ ಒಳಗೆ ನುಗ್ಗುವ ಮೀನನ್ನು ತಡೆದು ನಿಲ್ಲಿಸುವುದಿಲ್ಲ. ಮೀನು ಕಚ್ಚಿದ ಮೊದಲ ಕೆಲವು ಕ್ಷಣದಲ್ಲೇ ಗೆಲುವು ಸೋಲು ತೀರ್ಮಾನವಾಗುತ್ತದೆ. ಅದು ಬೇರಿನೊಳಗೆ ಹೊಕ್ಕರೆ, ಅಲ್ಲಿ ಅಂಟಿಕೊಂಡ ಚಿಪ್ಪುಗಳು ಎಂಥ ದಾರವನ್ನೂ ಕೊಯ್ದುಹಾಕುತ್ತವೆ.

ಲೂರುಗಳಲ್ಲಿ ಎರಡೇ ಬಗೆ ನನಗೆ ಕೆಲಸ ಕೊಟ್ಟವು. ಒಂದು, ಬೆರಳುದ್ದಕ್ಕಿಂತ ತುಸು ದೊಡ್ಡದಾದ ಮಿನ್ನೋ, ಅಂದರೆ ಸಣ್ಣ ಮೀನಿನಾಕಾರದ ಗಟ್ಟಿ ಲೂರ್. ಎರಡು ಸಲ ಸಣ್ಣಗೆ ಜಗ್ಗಿ ನಿಲ್ಲಿಸಬೇಕು. ನಿಂತಾಗಲೇ ಸೀಬಾಸ್ ಬಾಯಿ ಹಾಕುತ್ತದೆ. ಎಳೆಯುತ್ತಲೇ ಇದ್ದರೆ ಹಿಂದೆ ಬರುತ್ತದೆ, ಕಚ್ಚುವುದಿಲ್ಲ. ಇನ್ನೊಂದು, ಶ್ಯಾಡ್ ಎಂಬ ರಬ್ಬರಿನ ಮೀನು, 10ರಿಂದ 15 ಗ್ರಾಂ ಜಿಗ್ ಹೆಡ್ (ತೂಕದ ತಲೆಯಿರುವ ಕೊಕ್ಕೆ) ಸಿಕ್ಕಿಸಿದ್ದು. ತಳ ಮುಟ್ಟಲು ಬಿಟ್ಟು, ಎತ್ತಿ, ಮತ್ತೆ ಬೀಳಲು ಬಿಡಬೇಕು. ನೀರು ಕಲಕಿದ್ದಾಗ ಬಿಳಿ ಅಥವಾ ಹೊಂಬಣ್ಣ, ತಿಳಿಯಾಗಿದ್ದಾಗ ಸಿಗಡಿಯ ಕಂದು. ರಬ್ಬರಿನ ಲೂರುಗಳನ್ನು ಮಾತ್ರ ಧಾರಾಳವಾಗಿ ಒಯ್ಯಿರಿ. ಹೊಟ್ಟೆ ಊದಿಸಿಕೊಳ್ಳುವ ಪಫರ್ ಮೀನುಗಳು ಬಾಲವನ್ನು ಕತ್ತರಿಸಿ ಬಿಡುತ್ತವೆ. ಮಿನ್ನೋಗಳಲ್ಲಿ ಬರುವ ತ್ರಿಶೂಲದಂಥ ಕೊಕ್ಕೆಯನ್ನು ತೆಗೆದು ದಪ್ಪ ಒಂಟಿ ಕೊಕ್ಕೆ ಹಾಕುವುದು ವಾಸಿ. ಬೇರಿಗೆ ಸಿಕ್ಕುವುದು ಕಡಿಮೆ, ಮೀನನ್ನು ಬಿಡುವಾಗಲೂ ಬಾಯಿ ಹರಿಯುವುದಿಲ್ಲ.

ಆದರೆ ಲೂರಿಗಿಂತ ನೀರಿನ ಹೊತ್ತು ಮುಖ್ಯ. ಹಂಗಾರಕಟ್ಟೆಯ ದಡದಲ್ಲಿ ಹಿರಿಯರೊಬ್ಬರು ಬಾಟಲಿಗೆ ಸುತ್ತಿದ ದಾರ, ಜೀವಂತ ಸಿಗಡಿ ಇಟ್ಟುಕೊಂಡು ಸುಮ್ಮನೆ ಕುಳಿತಿದ್ದರು. ನಾವು ಎಸೆಯುತ್ತಲೇ ಇದ್ದೆವು. "ನೀರು ತಿರುಗಲಿ ಮಾರಾಯರೇ, ಈಗ ಎಸೆದರೆ ಕೈ ನೋಯುವುದು ಮಾತ್ರ" ಎಂದರು. ಭರತ ಮುಗಿದು ಇಳಿತ ಶುರುವಾಗಿ, ಕಾಂಡ್ಲಾದೊಳಗಿನ ಸಣ್ಣ ತೋಡುಗಳಿಂದ ನೀರು ಹೊಳೆಗೆ ಬೀಳತೊಡಗಿದಾಗ ಅವರು ಎದ್ದು ಒಂದು ತೋಡಿನ ಬಾಯಿಗೆ ದಾರ ಬಿಟ್ಟರು. ನೀರಿನ ಜೊತೆ ಸಿಗಡಿ, ಸಣ್ಣ ಮೀನು ಹೊರಬರುತ್ತವೆ, ಸೀಬಾಸ್ ಅಲ್ಲೇ ಕಾದಿರುತ್ತದೆ. "ಅಜ್ಜ, ನಾವೂ ಇಲ್ಲಿ ಎಸೆಯಬಹುದೇ" ಎಂದು ಕೇಳಿದೆ. ಪಕ್ಕಕ್ಕೆ ಸರಿದು ಜಾಗ ಕೊಟ್ಟರು. ನನ್ನ ಆ ಪ್ರವಾಸದ ಒಳ್ಳೆಯ ಮೀನುಗಳೆಲ್ಲ ಬಂದದ್ದು ಅಂಥ ತೋಡುಗಳ ಬಾಯಲ್ಲೇ.

ಈ ಕರಾವಳಿಯಲ್ಲಿ ದಿನಕ್ಕೆ ಎರಡು ಭರತ, ಎರಡು ಇಳಿತ, ಎರಡೂ ಸಮನಲ್ಲ. ಹೊತ್ತು ದಿನದಿನಕ್ಕೆ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ. ಹುಣ್ಣಿಮೆ, ಅಮಾವಾಸ್ಯೆಯ ಆಸುಪಾಸಿನಲ್ಲಿ ಸೆಳೆತ ಜೋರು, ಅಷ್ಟಮಿಯ ಸುತ್ತ ಮಂದ. ರಜೆ ಹಾಕುವ ಮೊದಲು ಪಂಚಾಂಗವನ್ನೂ ಮೊಬೈಲಿನ ಟೈಡ್ ಪಟ್ಟಿಯನ್ನೂ ನೋಡಿ, ಇಳಿತ ಬೆಳಗಿನ ಜಾವಕ್ಕೆ ಬೀಳುವ ದಿನಗಳನ್ನು ಆರಿಸಿ. ಮಧ್ಯಾಹ್ನದ ಮೇಲೆ ಪಡುಗಾಳಿ ಮುಖಕ್ಕೇ ಹೊಡೆಯುತ್ತದೆ, ಹಗುರ ಲೂರ್ ದೂರ ಹೋಗುವುದಿಲ್ಲ.

ಕೋಡಿಬೆಂಗ್ರೆಯ ತುದಿ, ಡೆಲ್ಟಾ ಬೀಚ್ ಎಂದು ಹೆಸರಾದ ಜಾಗ, ನಕ್ಷೆಯಲ್ಲಿ ನೋಡಿದರೆ ಗಾಳ ಹಾಕುವವರ ಸ್ವರ್ಗ. ಶನಿವಾರ, ಭಾನುವಾರ ಸಂಜೆ ಅಲ್ಲಿಗೆ ಹೋಗಬೇಡಿ. ಕಾರುಗಳ ಸಾಲು, ಹಾಡು, ಫೋಟೋ ತೆಗೆಯುವವರು. ಹಿಂದೆ ಮಕ್ಕಳು ಓಡಾಡುವಾಗ ಕೊಕ್ಕೆ ಬೀಸಲು ನನಗಂತೂ ಧೈರ್ಯವಿಲ್ಲ. ವಾರದ ನಡುವೆ, ಬೆಳಕು ಹರಿಯುವ ಮೊದಲು ಹೋಗಿ. ಅಳಿವೆ ಬಾಗಿಲಿನಲ್ಲಿ ಮೊಣಕಾಲಿಗಿಂತ ಮೇಲೆ ನೀರಿಗೆ ಇಳಿಯಬೇಡಿ. ಇಳಿತದ ಸೆಳೆತಕ್ಕೆ ಕಾಲಡಿಯ ಮರಳೇ ಜಾರುತ್ತದೆ, ಈಜು ಬಂದರೂ ಪ್ರಯೋಜನವಿಲ್ಲ.

ನಾವು ಉಳಿದ ಕೋಣೆಯ ಬಗ್ಗೆ ಹೇಳದೆ ಇರಲಾರೆ. 'ಹೊಳೆ ಬದಿಯ ಕೋಣೆ, ಸ್ವಂತ ಕಟ್ಟೆಯಿಂದ ಮೀನು ಹಿಡಿಯಬಹುದು' ಎಂದು ಜಾಹೀರಾತಿನಲ್ಲಿತ್ತು. ದಿನಕ್ಕೆ 3,800 ರೂಪಾಯಿ ಮುಂಗಡ ಕಟ್ಟಿಸಿಕೊಂಡರು. ಹೋದ ಮೇಲೆ, ಕಟ್ಟೆಗೆ ಇಳಿಯಲು ಒಂದು ರಾಡಿಗೆ 500 ರೂಪಾಯಿ ಬೇರೆ ಎಂದರು. ಇಳಿತದ ಹೊತ್ತಿಗೆ ಆ ಕಟ್ಟೆಯ ಮುಂದೆ ನೀರೇ ಇರಲಿಲ್ಲ, ಬರೀ ಕೆಸರು. ಬಾಡಿಗೆಗೆ ಎಂದು ತೋರಿಸಿದ ರಾಡುಗಳ ಉಂಗುರಗಳಲ್ಲಿ ತುಕ್ಕು. ಕೋಣೆ ಗೊತ್ತುಮಾಡುವಾಗ ಕಟ್ಟೆಯ ಫೋಟೋ ಕೇಳಿ, ಇಳಿತದ ಹೊತ್ತಿನದ್ದನ್ನೇ ಕೇಳಿ. ಇಲ್ಲವೇ ಉಡುಪಿ ಪೇಟೆಯಲ್ಲಿ ಸಾಮಾನ್ಯ ಲಾಡ್ಜ್ ಹಿಡಿದು, ಬಾಡಿಗೆ ಸ್ಕೂಟರಿನಲ್ಲಿ ಬೆಳಗಿನ ಜಾವ ಹೊರಡಿ. ಕೊನೆಗೆ ನಾವು ಮಾಡಿದ್ದು ಅದನ್ನೇ, ಖರ್ಚು ಅರ್ಧಕ್ಕಿಂತ ಕಡಿಮೆ ಆಯಿತು.

ಊಟಕ್ಕೆ ಕೆಮ್ಮಣ್ಣಿನಿಂದ ಹೂಡೆಗೆ ಹೋಗುವ ರಸ್ತೆಯಲ್ಲಿ ಫಲಕವೂ ಇಲ್ಲದ ಒಂದು ತಗಡಿನ ಮಾಡಿನ ಹೋಟೆಲಿದೆ. ಹೊರಗೆ ಬಲೆ ಒಣಹಾಕಿರುತ್ತಾರೆ, ಅದೇ ಗುರುತು. 90 ರೂಪಾಯಿಗೆ ಕುಚ್ಚಲಕ್ಕಿ ಅನ್ನ, ಮೀನು ಸಾರು, ಒಂದು ಪಲ್ಯ, ಒಣ ಸಿಗಡಿ ಚಟ್ನಿ. ಸಾರು ಬಂಗುಡೆಯದ್ದೋ ಬೂತಾಯಿಯದ್ದೋ, ಆ ಬೆಳಿಗ್ಗೆ ಮಲ್ಪೆಯಿಂದ ಬಂದದ್ದನ್ನು ಅವಲಂಬಿಸಿದೆ. ಅಡುಗೆಯ ಅಕ್ಕ ಮೀನಿಗೆ ಮಸಾಲೆ ಹಚ್ಚಿ ಮುಂಚೆಯೇ ಇಡುವುದಿಲ್ಲ. ನೀವು ಕುಳಿತ ಮೇಲೆ ಹಚ್ಚಿ, ಕಬ್ಬಿಣದ ಕಾವಲಿಯ ಮೇಲೆ ತೆಂಗಿನೆಣ್ಣೆ ಹಾಕಿ, ಮೀನಿನ ಮೇಲೊಂದು ಎಸಳು ಕರಿಬೇವು ಒತ್ತಿ ಬೇಯಿಸುತ್ತಾರೆ. ಅಂಚು ಕರಕಲು, ಮುಳ್ಳಿನ ಬಳಿ ಇನ್ನೂ ರಸ. ಮರುವಾಯಿ ಸುಕ್ಕ ಇದ್ದ ದಿನ ತಪ್ಪಿಸಬೇಡಿ. ಅದೇ ಹೊಳೆಯಲ್ಲಿ ಬೆಳಿಗ್ಗೆ ಆಯ್ದ ಚಿಪ್ಪು, ತೆಂಗಿನತುರಿ ಮೆಣಸಿನ ಜೊತೆ ಒಣಗಿಸಿದಂತೆ ಹುರಿದದ್ದು, ಚಿಪ್ಪಿನೊಳಗೆ ಸಿಕ್ಕಿಕೊಂಡ ಮಸಾಲೆಯನ್ನು ಬೆರಳಲ್ಲಿ ತೆಗೆದು ತಿನ್ನಬೇಕು. ಎರಡನೆಯ ಸಲ ಸಾರು ಬಡಿಸುವಾಗ ಕೇಳುವುದೇ ಇಲ್ಲ, ಹಾಕಿಬಿಡುತ್ತಾರೆ. ನಾವು ಹಿಡಿದ ಕೆಂಬೇರಿಯನ್ನು ಕೊಟ್ಟಾಗ ಹುರುಪೆ ತೆಗೆದು, ಪುಳಿಮುಂಚಿ ಮಾಡಿ ಬಡಿಸಿ, ಅದಕ್ಕೆ ದುಡ್ಡು ಬೇಡವೆಂದರು. ಒತ್ತಾಯ ಮಾಡಿ ಕೊಡಬೇಕಾಯಿತು. ಒಂದೂವರೆಯ ಒಳಗೆ ಹೋಗಿ, ಮೀನು ಮುಗಿದರೆ ಬಾಗಿಲು ಹಾಕುತ್ತಾರೆ.

ಬೇರೆ ನೀರುಗಳ ಬಗ್ಗೆ ಚುಟುಕಾಗಿ. ಕಾಪುವಿನಲ್ಲಿ 1901ರ ದೀಪಸ್ತಂಭದ ಸುತ್ತಲಿನ ಬಂಡೆಗಳು, ಮಂಗಳೂರಿನ ಬೆಂಗ್ರೆ ಕಡೆಯ ಕಲ್ಲಿನ ತಡೆಗೋಡೆ, ಇಂಥ ಕಡೆ 7 ಅಡಿಯ ರಾಡ್ ನಡೆಯುವುದಿಲ್ಲ. 9 ಅಥವಾ 10 ಅಡಿ, 30ರಿಂದ 60 ಗ್ರಾಂ ಎಸೆಯುವಂಥದ್ದು, 5000 ರೀಲ್, 50 ಪೌಂಡ್ ಲೀಡರ್, ಮೆಟಲ್ ಜಿಗ್ (ಲೋಹದ ಭಾರದ ಲೂರ್) ಮತ್ತು ಪಾಪರ್ (ನೀರ ಮೇಲೆ ಸದ್ದು ಮಾಡುವ ಲೂರ್). ಸಿಗುವುದು ಟ್ರೆವಲ್ಲಿ, ಬ್ಯಾರಕುಡಾ. ಪಾಚಿ ಹಿಡಿದ ಕಲ್ಲಿಗೆ ರಬ್ಬರ್ ಚಪ್ಪಲಿ ಅಪಾಯ. ಶಾಂಭವಿ, ನಂದಿನಿ ಸೇರುವ ಮೂಲ್ಕಿ–ಸಸಿಹಿತ್ಲು ಸುಂದರವಾದ ಅಳಿವೆ, ಆದರೆ ಅಲೆ ಸವಾರರು ಇರುವಾಗ ಕೊಕ್ಕೆ ಎಸೆಯಬಾರದು.

ಕಿಂಡಿ ಅಣೆಕಟ್ಟುಗಳನ್ನು ಹೊರಗಿನವರು ಗಮನಿಸುವುದೇ ಇಲ್ಲ. ಮಳೆಗಾಲ ಕಳೆದ ಮೇಲೆ ಹಲಗೆ ಇಳಿಸಿ, ಉಪ್ಪುನೀರು ಮೇಲೇರದಂತೆ ಇವು ತಡೆಯುತ್ತವೆ. ಕೆಳಬದಿಯಲ್ಲಿ ನೀರು ಧುಮುಕುವ ಗುಂಡಿಗಳಿಗೆ ಸಂಜೆ ಒಂದು ಮಿನ್ನೋ ಎಸೆದು ನೋಡಿ. ಮೇಲ್ಬದಿಯ ಸಿಹಿನೀರಿನಲ್ಲಿ, ತಾವರೆ ಎಲೆ ತುಂಬಿದ ಕೆರೆಗಳಲ್ಲಿ ಮಡೆಂಜಿಗೆ (ಕೊರವ ಮೀನಿಗೆ) ರಬ್ಬರ್ ಕಪ್ಪೆಯನ್ನು ಎಲೆಗಳ ಮೇಲೆ ಎಳೆದು ತರುವುದೇ ಸರಿ. ಗೆಳೆಯನ ಕಿಟ್ಟಿನಲ್ಲಿ ಉಪಯೋಗಕ್ಕೆ ಬಂದದ್ದು ಆ ಕಪ್ಪೆ ಒಂದೇ.

ದೇವಸ್ಥಾನದ ಮೀನುಗುಂಡಿಗಳ ಹತ್ತಿರ, ಉದಾಹರಣೆಗೆ ಕಪಿಲಾ ನದಿಯ ಶಿಶಿಲದಲ್ಲಿ, ರಾಡ್ ಹೊರಗೆ ತೆಗೆಯಲೇ ಬೇಡಿ. ಹೊಳೆಯಲ್ಲಿ ಪಂಜರ ಕಟ್ಟಿ ಸೀಬಾಸ್ ಸಾಕಿದ ಕಡೆಯೂ ದೂರವಿರಿ. ಪಂಜರದ ಬಲೆಗೆ ನಿಮ್ಮ ಕೊಕ್ಕೆ ಸಿಕ್ಕಿ ಹರಿದರೆ ಒಂದು ಮನೆಯ ವರ್ಷದ ದುಡಿಮೆ ಹೊಳೆ ಪಾಲು.

ಸೀಬಾಸ್ ಮೊದಲು ಗಂಡಾಗಿ ಬೆಳೆದು, ಕೆಲವು ವರ್ಷಗಳ ನಂತರ ಹೆಣ್ಣಾಗುತ್ತದೆ. ಅಂದರೆ ನಿಮ್ಮ ಕೈಗೆ ಸಿಗುವ ಭಾರೀ ಮೀನು ಬಹುಪಾಲು ಮೊಟ್ಟೆಯಿಡುವ ತಾಯಿ. ಊಟಕ್ಕೆ ಎರಡು ಕಿಲೋ ಮೀನು ಸಾಕು, ದೊಡ್ಡದನ್ನು ನೀರಿನಲ್ಲೇ ಹಿಡಿದು ಕೊಕ್ಕೆ ಬಿಡಿಸಿ ಬಿಟ್ಟುಬಿಡಿ. ಕಿವಿರಿಗೆ ಬೆರಳು ತೂರಿಸಬೇಡಿ, ಬೆರಳಿಗೂ ಕೇಡು, ಮೀನಿಗೂ ಕೇಡು. ತೇಡೆ (ಮೀಸೆಯ ಕ್ಯಾಟ್‌ಫಿಶ್) ಸಿಕ್ಕರೆ ಇಕ್ಕಳದಿಂದಲೇ ಬಿಡಿಸಿ, ಅದರ ಮುಳ್ಳು ಚುಚ್ಚಿದರೆ ಪ್ರವಾಸ ಅಲ್ಲಿಗೇ ಮುಗಿಯಿತು.

ನನ್ನ ಮಟ್ಟಿಗೆ ಅಕ್ಟೋಬರ್ ಕೊನೆಯಿಂದ ಡಿಸೆಂಬರ್ ಒಳ್ಳೆಯ ಕಾಲ, ಹೊಳೆ ತಿಳಿಯಾಗಿರುತ್ತದೆ, ಸೆಕೆಯೂ ಹದ. ಮಳೆಗಾಲದಲ್ಲಿ ಬೇಡ. ಜೂನ್ 1ರಿಂದ ಜುಲೈ 31ರವರೆಗಿನ 61 ದಿನ ಯಾಂತ್ರೀಕೃತ ದೋಣಿಗಳೇ ಕಡಲಿಗಿಳಿಯುವುದಿಲ್ಲ, ಕೆಂಪು ನೆರೆಯಲ್ಲಿ ಲೂರ್ ಕಾಣುವುದೂ ಇಲ್ಲ.

ಕೋಣೆಗೆ ಬಂದ ಮೇಲೆ ರೀಲಿನ ಡ್ರ್ಯಾಗ್ (ದಾರ ಹೊರಹೋಗುವುದನ್ನು ಹಿಡಿಯುವ ತಿರುಪು) ಬಿಗಿ ಮಾಡಿ, ನಲ್ಲಿಯ ಸಿಹಿನೀರನ್ನು ಸಣ್ಣಗೆ ಹರಿಯಬಿಟ್ಟು ತೊಳೆಯಿರಿ; ರಭಸವಾಗಿ ಬಿಟ್ಟರೆ ಉಪ್ಪು ಒಳಗೆ ಹೋಗುತ್ತದೆ. ಉಂಗುರಗಳನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ, ಬಳಸಿದ ಲೂರುಗಳನ್ನು ಒಂದು ಬಕೆಟ್ ನೀರಿನಲ್ಲಿ ಅದ್ದಿ ಒಣಗಿಸಿ. ಒದ್ದೆ ಲೂರನ್ನು ಹೊಸದರ ಜೊತೆ ಒಂದೇ ಡಬ್ಬಿಯಲ್ಲಿ ಇಟ್ಟರೆ ಎರಡು ದಿನದಲ್ಲಿ ಡಬ್ಬಿಯ ಕೊಕ್ಕೆಗಳಿಗೆಲ್ಲ ತುಕ್ಕು ಹತ್ತುತ್ತದೆ. ಬಕೆಟ್ ಕೊಡಲು ಲಾಡ್ಜಿನವರು ಇಪ್ಪತ್ತು ರೂಪಾಯಿ ಕೇಳಿದರೆ ಕೊಟ್ಟುಬಿಡಿ.