ಬೇಣದ ಕೆಲಸ: ಕರಡ ತಡವಾಗಿ ಕೊಯ್ದ ಮೇಲೆ ಕಂಡದ್ದು

ಸಿದ್ದಾಪುರ ಸೀಮೆಯಲ್ಲಿ ನಮ್ಮ ಅಡಿಕೆ ತೋಟದ ಮೇಲಿರುವ ಬೇಣವನ್ನು, ಅಂದರೆ ತೋಟಕ್ಕೆ ಸೇರಿದ ಹುಲ್ಲುಗಾವಲನ್ನು, ಹುಲ್ಲುನೆಲವಾಗಿಯೇ ಉಳಿಸಿಕೊಳ್ಳುವ ಕೆಲಸ ಈ ಮಳೆಗಾಲದಲ್ಲಿ ಒಂದು ಹಂತಕ್ಕೆ ಬಂದಿದೆ. ಸುತ್ತಮುತ್ತ ಎಷ್ಟೋ ಬೇಣಗಳು ಅಕೇಶಿಯಾ ತೋಪುಗಳಾದವು. ಮರವಿಲ್ಲದ ನೆಲವೆಲ್ಲ ಪಾಳು ಎಂಬ ಎಣಿಕೆಯನ್ನು ನಾನು ಒಪ್ಪಲಾರೆ.

ಮೊದಲು ಎದುರಾದದ್ದು ಯುಪಟೋರಿಯಂ ಎಂಬ ಕಳೆಗಿಡ. ಕತ್ತಿಯಲ್ಲಿ ಸವರಿದರೆ ಅದು ಬುಡದಿಂದ ಮತ್ತೆ ಚಿಗುರುತ್ತದೆ. ಆದ್ದರಿಂದ ಜೂನ್, ಜುಲೈ ತಿಂಗಳಲ್ಲಿ ಮಣ್ಣು ನೆನೆದು ಸಡಿಲವಾಗಿರುವಾಗ ಬೇರುಸಹಿತ ಕೀಳುತ್ತೇವೆ. ತಪ್ಪಿಸಿಕೊಂಡವನ್ನು ಚಳಿಗಾಲದ ಹೂವು ಬಿರಿಯುವ ಮುನ್ನವೇ ಹುಡುಕಿ ತೆಗೆಯುತ್ತೇವೆ, ಏಕೆಂದರೆ ಅದರ ಹಗುರವಾದ ಬೀಜ ಗಾಳಿಯಲ್ಲಿ ಹಾರಿಹೋದ ಮೇಲೆ ಮಾಡಲು ಏನೂ ಉಳಿಯುವುದಿಲ್ಲ.

ಎರಡನೆಯದು, ಕರಡ, ಅಂದರೆ ಬೇಣದ ಒಣಹುಲ್ಲು, ಕೊಯ್ಯುವುದನ್ನು ಹುಲ್ಲಿನ ಬೀಜ ಉದುರುವವರೆಗೆ ಮುಂದೂಡಿದ್ದು. ತಡವಾಗಿ ಕೊಯ್ದ ಹುಲ್ಲು ಒರಟು, ದನಗಳಿಗೆ ಅಷ್ಟು ರುಚಿಸದು. ಆದರೂ ಹೊದಿಕೆಗೆ, ತೋಟದ ಮುಚ್ಚಿಗೆಗೆ ಧಾರಾಳವಾಗಿ ಸಾಕು.

ನನ್ನ ಮನಸ್ಸೆಲ್ಲ ಇರುವುದು ಬೇಣದ ನಡುವಿನ ಚಿರೆಕಲ್ಲಿನ ಹಾಸಿನ ಮೇಲೆ. ಅಲ್ಲಿ ಮಣ್ಣು ಬೆರಳುದ್ದವೂ ಇಲ್ಲ, ಸಾರಜನಕ ತೀರ ಕಡಿಮೆ. ಆಗಸ್ಟ್‌ನಿಂದ ನೀರು ಜಿನುಗುವ ಕಡೆಗಳಲ್ಲಿ ಯುಟ್ರಿಕ್ಯುಲೇರಿಯಾದ ನೀಲಿ ಹೂಗಳು ಒತ್ತಾಗಿ ಅರಳುತ್ತವೆ. ಅವುಗಳ ಬುಡದ ಪುಟ್ಟ ಚೀಲಗಳು ನೀರಿನ ಸೂಕ್ಷ್ಮ ಜೀವಿಗಳನ್ನು ಒಳಗೆಳೆದುಕೊಳ್ಳುತ್ತವೆ. ಪಕ್ಕದಲ್ಲೇ ಡ್ರಾಸೆರಾ ಎಲೆಯ ಅಂಟುಹನಿಗಳಲ್ಲಿ ಕೀಟ ಹಿಡಿಯುತ್ತದೆ, ಎರಿಯೊಕಾಲಾನ್‌ನ ಅಂಗಿಗುಂಡಿಯಂಥ ಬಿಳಿ ಹೂಗಳು ತಲೆಯೆತ್ತುತ್ತವೆ. ಇಲ್ಲಿಗೆ ಗೊಬ್ಬರ ಹಾಕಿ ಹುಲ್ಲು ಹೆಚ್ಚಿಸಿ ಎಂಬ ಸಲಹೆ ಬಂದಿತ್ತು. ಸಾರ ಹೆಚ್ಚಿದರೆ ಎತ್ತರದ ಹುಲ್ಲು ನುಗ್ಗಿ ಈ ಗಿಡಗಳಿಗೆ ಬೆಳಕೇ ಸಿಗದಂತಾಗುತ್ತದೆ. ಬಡತನವೇ ಇವುಗಳ ಆಸರೆ. ಹಾಗಾಗಿ ಸಗಣಿಗೊಬ್ಬರ ತೋಟದಿಂದ ಮೇಲಕ್ಕೆ ಬರುವುದಿಲ್ಲ.

ಬೇಲಿಯಂಚಿನಲ್ಲಿ ಅಗ್ನಿಶಿಖೆ ಎಲೆಯ ತುದಿಯನ್ನೇ ಬಳ್ಳಿಯ ಕುಡಿಯಾಗಿಸಿಕೊಂಡು ಹಬ್ಬಿದೆ. ಗಿಲಿಗಿಚ್ಚಿ ಗಿಡಗಳ ಮೇಲೆ ನೀಲಿ ಪಟ್ಟೆಯ ಚಿಟ್ಟೆಗಳು ಗುಂಪುಗೂಡುತ್ತವೆ. ಹೆಚ್ಚಿನವು ಗಂಡುಗಳು, ಹೆಣ್ಣನ್ನು ಸೆಳೆಯುವ ಗಂಧಕ್ಕೆ ಬೇಕಾದ ಆಲ್ಕಲಾಯ್ಡ್ ಎಂಬ ಸಸ್ಯರಾಸಾಯನಿಕವನ್ನು ಆ ಗಿಡದಿಂದ ಹೀರುತ್ತವೆ. ಟಿಟ್ಟಿಭ ಹಕ್ಕಿ ಬರಿ ಕಲ್ಲುಚೂರಿನ ನಡುವೆ ಮೊಟ್ಟೆಯಿಡುವುದರಿಂದ ಬೇಸಿಗೆಯಲ್ಲಿ ಒಣಹುಲ್ಲಿಗೆ ಬೆಂಕಿ ಕೊಡುವುದನ್ನು ನಿಲ್ಲಿಸಿದ್ದೇವೆ, ನಾಯಿಯನ್ನೂ ಆ ಕಡೆ ಬಿಡುವುದಿಲ್ಲ. ಕಾಟಿಗಳು (ಕಾಡುಕೋಣಗಳು) ಎಳೆ ಹುಲ್ಲಿಗೆ ಬಂದು ಹೋದ ಹೆಜ್ಜೆಗಳೂ ಇವೆ.

ಈ ಸಲ ಪಡುವಣ ಅಂಚಿನ ಒಂದು ಪಟ್ಟಿಯನ್ನು ಕೊಯ್ಯದೆ ಬಿಡುತ್ತೇವೆ, ಹುಲ್ಲಿನಲ್ಲಿ ಬೆಳೆಯುವ ಕಂಬಳಿಹುಳುಗಳಿಗೆ ಬೇಸಿಗೆಯವರೆಗೂ ಮೇವಿರಲೆಂದು. ಮುಂದಿನ ವರ್ಷ ಪಟ್ಟಿ ಮೂಡಣಕ್ಕೆ ಬದಲಾಗುತ್ತದೆ.